ಕ್ಯೂಬ್ ಎಷ್ಟು ಕಲಸಿದೆ? ಯಾವ ಅಳತೆ ಯಾರಿಗೆ

ಮೇಜಿನ ಮೇಲೆ ಎರಡು ರೂಬಿಕ್ಸ್ ಕ್ಯೂಬ್ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡರಲ್ಲೂ ಪ್ರತಿ ಮುಖದ ನಡುಚೌಕ ಮತ್ತು ನಾಲ್ಕು ಮೂಲೆಗಳು ಒಂದೇ ಬಣ್ಣ. ಎರಡರಲ್ಲೂ ಅಂಚಿನ ನಾಲ್ಕು ಚೌಕಗಳು ಬೇರೆ ಬಣ್ಣ. ತಪ್ಪಿದ ಸ್ಟಿಕ್ಕರ್ ಎಣಿಸಿದರೆ ಇದರಲ್ಲೂ 24, ಅದರಲ್ಲೂ 24. ಆದರೆ ಒಂದು 6 ತಿರುವಿಗೆ ಕೂಡುತ್ತದೆ, ಅಂದರೆ ಪ್ರತಿ ಮುಖವೂ ಪೂರ್ತಿ ಒಂದೇ ಬಣ್ಣವಾಗುತ್ತದೆ. ಇನ್ನೊಂದಕ್ಕೆ 20 ಬೇಕೇ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಕೂಡಿಸುವ ದಾರಿಯೇ ಇಲ್ಲ.

ಮೊದಲನೆಯದು ಚೆಸ್ ಮಣೆಯ ವಿನ್ಯಾಸ. ಕೂಡಿದ ಕ್ಯೂಬಿನ ಬಲ, ಎಡ, ಮೇಲೆ, ಕೆಳಗೆ, ಮುಂದೆ, ಹಿಂದೆ, ಹೀಗೆ ಆರೂ ಮುಖಗಳನ್ನು ಒಂದೊಂದು ಸಲ ಅರ್ಧ ಸುತ್ತು ತಿರುಗಿಸಿದರೆ ಅದು ಬರುತ್ತದೆ. ಎರಡನೆಯದರ ಹೆಸರು ಸೂಪರ್‌ಫ್ಲಿಪ್. ಅದರಲ್ಲಿ ಹನ್ನೆರಡು ಅಂಚಿನ ತುಂಡುಗಳೂ ತಮ್ಮ ತಮ್ಮ ಜಾಗದಲ್ಲೇ ಇವೆ, ಆದರೆ ಎಲ್ಲವೂ ಉಲ್ಟಾ ಕೂತಿವೆ. ಅದಕ್ಕೆ 20 ತಿರುವು ಬೇಕೇ ಬೇಕು ಎಂದು 1995ರಲ್ಲಿ ಮೈಕೆಲ್ ರೀಡ್ ಸಾಧಿಸಿ ತೋರಿಸಿದರು.

ಇವೆರಡರಲ್ಲಿ ಯಾವುದು ಜಾಸ್ತಿ ಕಲಸಿದೆ ಎಂದು ಕೇಳಿದರೆ, ಉತ್ತರ ನೀವು ಯಾವ ಅಳತೆ ಹಿಡಿದಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಗು ಒಂದು ನಿಮಿಷದಲ್ಲಿ ಕೂಡಿಸಿತು, ನಾನು ಸರಿಯಾಗಿ ಕೆಡಿಸಿ ಕೊಟ್ಟಿದ್ದೆನಾ ಅಂತ ಅಪ್ಪ ಅಮ್ಮಂದಿರ ಅನುಮಾನ. ಇವತ್ತಿನ ಒಳ್ಳೆ ಟೈಮ್ ನನ್ನ ಕೈಚಳಕವೋ ಸುಲಭದ ಸ್ಕ್ರ್ಯಾಂಬಲ್‌ನ (ಕ್ಯೂಬ್ ಕಲಸಿದ ರೀತಿಯ) ಕೃಪೆಯೋ ಅಂತ ಮನೆಯಲ್ಲಿ ಟೈಮರ್ ಇಟ್ಟುಕೊಂಡವರ ಚಿಂತೆ. ಕ್ಯೂಬ್ ಬಿಡಿಸುವ ಪ್ರೋಗ್ರಾಂ ಬರೆಯುವವರಿಗೆ ಒಂದು ಅಂಕಿ ಬೇಕು, ಅಷ್ಟೇ. ಮೂವರಿಗೂ ಒಂದೇ ಅಳತೆ ಹೇಳಿದರೆ ಇಬ್ಬರಿಗಾದರೂ ಮೋಸ ಮಾಡಿದ ಹಾಗೆ.

ಏನೇನು ನೋಡಬೇಕು

ಅಳತೆ ಆರಿಸುವ ಮುಂಚೆ ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದು ಸುಳ್ಳು ಹೇಳುತ್ತದಾ? ಅಂದರೆ ಒಂದೇ ತಿರುವು ದೂರವಿರುವ ಕ್ಯೂಬನ್ನು "ಪೂರ್ತಿ ಕಲಸಿದೆ" ಅನ್ನುತ್ತದಾ, ಹತ್ತಾರು ತಿರುವು ಬೇಕಾದದ್ದನ್ನು "ಇನ್ನೇನು ಮುಗಿಯಿತು" ಅನ್ನುತ್ತದಾ? ಎರಡನೆಯದು ಖರ್ಚು: ಕಣ್ಣು ಸಾಕಾ, ಫೋನು ಬೇಕಾ, ಕಂಪ್ಯೂಟರ್ ಗಂಟೆಗಟ್ಟಲೆ ಓಡಬೇಕಾ? ಮೂರನೆಯದು, ಎರಡು ಕ್ಯೂಬ್ ಕೊಟ್ಟರೆ ಅದು ವ್ಯತ್ಯಾಸ ತೋರಿಸುತ್ತದಾ, ಅಥವಾ ಎಲ್ಲಕ್ಕೂ ಒಂದೇ ಅಂಕಿ ಕೊಡುತ್ತದಾ? ಕೊನೆಯದು, ಆ ಅಂಕಿಗೂ ಮನುಷ್ಯನ ಕೈಗೆ ಆಗುವ ಕಷ್ಟಕ್ಕೂ ಸಂಬಂಧ ಇದೆಯಾ? ಇದನ್ನೇ ಹೆಚ್ಚಿನವರು ಮರೆಯುತ್ತಾರೆ.

ಇನ್ನೊಂದು ಮಾತು. ಕ್ಯೂಬ್ ಕೆಳಗೆ ಬಿದ್ದು ತುಂಡು ಕಳಚಿ, ಯಾರೋ ಹೇಗೋ ಸಿಕ್ಕಿಸಿಟ್ಟಿದ್ದರೆ ಯಾವ ಅಳತೆಯೂ ನಡೆಯುವುದಿಲ್ಲ. ತುಂಡುಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿದರೆ 12 ರಲ್ಲಿ ಒಂದು ಸಲ ಮಾತ್ರ ಕೂಡುವ ಕ್ಯೂಬ್ ಬರುತ್ತದೆ. ಸಡಿಲವಾಗಿ ತಿರುಗುವ ಸ್ಪೀಡ್ ಕ್ಯೂಬ್‌ಗಳಲ್ಲಿ ಕಳಚದೆಯೂ ಒಂದು ಮೂಲೆ ಇದ್ದಲ್ಲೇ ತಿರುಚಿಕೊಳ್ಳಬಹುದು. ಹಾಗೆ ತಿರುಚಿದ ಕ್ಯೂಬಿನ ಜೊತೆ ನಾನು ಒಂದು ಇಡೀ ಸಂಜೆ ಗುದ್ದಾಡಿದ್ದೇನೆ.

ಎಷ್ಟು ತಿರುವು ಹಾಕಿದೆ ಅನ್ನುವ ಲೆಕ್ಕ

"ಐವತ್ತು ಸಲ ತಿರುಗಿಸಿದ್ದೀನಿ, ಇನ್ನೇನು ಬೇಕು?" ಎಲ್ಲರೂ ಮೊದಲು ಹಿಡಿಯುವ ಅಳತೆ ಇದೇ. ಇದಕ್ಕಿಂತ ದುರ್ಬಲವಾದದ್ದೂ ಇಲ್ಲ. ಬಲ ಮುಖವನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು, ಮೇಲಿನದನ್ನು ಹಾಗೆಯೇ ಕಾಲು ಸುತ್ತು, ಆಮೇಲೆ ಬಲವನ್ನು ವಾಪಸ್, ಮೇಲಿನದನ್ನು ವಾಪಸ್. ಈ ನಾಲ್ಕನ್ನು ಆರು ಸಲ ಮಾಡಿ ನೋಡಿ. 24 ತಿರುವು ಹಾಕಿದ ಮೇಲೆ ಕ್ಯೂಬ್ ಶುರುವಿನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ಬಲ, ಮೇಲೆ, ಬಲ, ಮೇಲೆ ಅಂತ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೂ 210ನೇ ತಿರುವಿಗೆ ಎಲ್ಲವೂ ಮತ್ತೆ ಕೂಡಿರುತ್ತದೆ.

ಮನುಷ್ಯರ ಕೈಗೆ ಅಭ್ಯಾಸ ಜಾಸ್ತಿ. ಬಲಗೈ ಆಡುವವರು ಬಲ ಮತ್ತು ಮೇಲಿನ ಮುಖವನ್ನೇ ತಿರುಗಿಸುತ್ತಾರೆ. ಬರೀ ಆ ಎರಡನ್ನು ಎಷ್ಟೇ ತಿರುಗಿಸಿದರೂ 2 ಮೂಲೆ ಮತ್ತು 5 ಅಂಚಿನ ತುಂಡುಗಳು ಕದಲುವುದೇ ಇಲ್ಲ. ಈ ಲೆಕ್ಕ ಒಂದಕ್ಕೆ ಮಾತ್ರ ಉಪಯೋಗ: ತಿರುವು ತೀರಾ ಕಡಿಮೆಯಾಯಿತಾ ಎಂದು ತಿಳಿಯಲು. 15 ತಿರುವಿನೊಳಗೆ ಮುಟ್ಟಬಹುದಾದ ಸ್ಥಿತಿಗಳು ಒಟ್ಟಿನ 0.25%ಗಿಂತಲೂ ಕಡಿಮೆ. ಹಾಗಾಗಿ ಹತ್ತು ಹನ್ನೆರಡು ತಿರುವು ಹಾಕಿ ಕೊಟ್ಟರೆ ಅದು ಚೆನ್ನಾಗಿ ಕಲಸಿದ ಕ್ಯೂಬ್ ಅಲ್ಲವೇ ಅಲ್ಲ, ನೋಡಲು ಹೇಗೇ ಇರಲಿ.

ಕಣ್ಣಳತೆ: ಬಣ್ಣ ಎಣಿಸುವುದು

ನಡುವಿನ ಆರು ಚೌಕಗಳನ್ನು ಬಿಟ್ಟರೆ ಕ್ಯೂಬಿನ ಮೇಲೆ 48 ಸ್ಟಿಕ್ಕರ್ ಉಳಿಯುತ್ತವೆ. ನಡುಚೌಕದ ಬಣ್ಣಕ್ಕೆ ಹೊಂದದವನ್ನು ಎಣಿಸಿ. ಸೊನ್ನೆ ಬಂದರೆ ಕೂಡಿದೆ. ಚೆನ್ನಾಗಿ ಕಲಸಿದ ಕ್ಯೂಬಿನಲ್ಲಿ ಸರಾಸರಿ 40 ತಪ್ಪಿರುತ್ತವೆ, 8 ಸುಮ್ನೆ ಅದೃಷ್ಟಕ್ಕೆ ಸರಿಯಾಗಿರುತ್ತವೆ. ಯಾವ ಜಾಗಕ್ಕಾದರೂ ಆರರಲ್ಲಿ ಒಂದು ಸಲ ಸರಿಯಾದ ಬಣ್ಣ ಬಂದೇ ಬರುತ್ತದೆ, ಅಲ್ವಾ? 48 ಕ್ಕೆ 48 ತಪ್ಪಿದ್ದರೆ ಅದು "ಇನ್ನೂ ಚೆನ್ನಾಗಿ" ಕಲಸಿದ್ದಲ್ಲ. ಯಾರೋ ಬೇಕೆಂದೇ ಹಾಗೆ ಇಟ್ಟಿರಬಹುದು ಎಂದು ನಾನು ಅನುಮಾನಿಸುತ್ತೇನೆ.

ಇದರ ತಮ್ಮ ಇನ್ನೊಂದು ಅಳತೆ ಇದೆ: ಒಂದೇ ಮುಖದಲ್ಲಿ ಪಕ್ಕಪಕ್ಕ ಒಂದೇ ಬಣ್ಣ ಕೂತಿರುವ ಜೋಡಿಗಳು. ಮುಖಕ್ಕೆ 12 ರಂತೆ ಒಟ್ಟು 72 ಜೋಡಿ. ಕೂಡಿದ ಕ್ಯೂಬಿನಲ್ಲಿ 72ಕ್ಕೆ 72 ಒಂದೇ ಬಣ್ಣ. ಸಿಕ್ಕಾಬಟ್ಟೆ ಕಲಸಿದರೆ ಸರಾಸರಿ 12. ದೂರದಿಂದ ನೋಡಿ "ಇದು ಕಲಸಿದೆ" ಅಂತ ಕಣ್ಣಿಗೆ ಅನಿಸುವುದು ಹೆಚ್ಚುಕಡಿಮೆ ಇದನ್ನೇ ನೋಡಿ.

ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಆದರೆ ಮೊದಲ ಪ್ರಶ್ನೆಯಲ್ಲೇ ಫೇಲ್. ಮೇಜಿನ ಮೇಲಿರುವ ಎರಡೂ ಕ್ಯೂಬಿನಲ್ಲಿ ಒಂದೇ ಬಣ್ಣದ ಜೋಡಿ ಒಂದೂ ಇಲ್ಲ, ಸೊನ್ನೆ. ಈ ಅಳತೆ ನಂಬಿದರೆ 6 ತಿರುವಿನ ಚೆಸ್ ಮಣೆ ಲೋಕದಲ್ಲೇ ಅತಿ ಹೆಚ್ಚು ಕಲಸಿದ ಕ್ಯೂಬ್. ಉಲ್ಟಾ ಉದಾಹರಣೆಯೂ ಇದೆ. ಕೂಡಿದ ಕ್ಯೂಬಿನ ಒಂದು ಮುಖವನ್ನು ಕಾಲು ಸುತ್ತು ತಿರುಗಿಸಿ: 12 ಸ್ಟಿಕ್ಕರ್ ತಪ್ಪು. ಈಗ ಸ್ಪೀಡ್ ಕ್ಯೂಬ್ ಕಲಿತವರಿಗೆಲ್ಲ ಗೊತ್ತಿರುವ ಟಿ-ಪರ್ಮ್ ಎಂಬ ಸ್ಥಿತಿ ತೆಗೆದುಕೊಳ್ಳಿ. ಎರಡು ಮೂಲೆ, ಎರಡು ಅಂಚು ಅದಲುಬದಲು. ತಪ್ಪಿದ ಸ್ಟಿಕ್ಕರ್ ಬರೀ 6. ಆದರೆ ಎಲ್ಲರೂ ಕಲಿಯುವ ಸೂತ್ರದಲ್ಲಿ ಅದಕ್ಕೆ 14 ತಿರುವು ಬೇಕು. ಒಂದು ತಿರುವಿಗೆ 12 ಅಂಕ, ಹದಿನಾಲ್ಕು ತಿರುವಿಗೆ 6 ಅಂಕ! ಕೊನೇ ಹಂತದಲ್ಲಿ ಸಿಕ್ಕಿಬಿದ್ದವರು "ಎರಡೇ ಎರಡು ಉಳಿದಿತ್ತು" ಅಂತ ಗೋಳಾಡುವುದು ಇದಕ್ಕೇ.

ತುಂಡು ಎಣಿಸುವುದು

ಸ್ಟಿಕ್ಕರ್ ಬಿಟ್ಟು ತುಂಡು ಎಣಿಸುವುದು ಸ್ವಲ್ಪ ವಾಸಿ. 8 ಮೂಲೆ, 12 ಅಂಚು, ಒಟ್ಟು 20. ಜಾಗವೂ ಸರಿ, ಕೂತ ಭಂಗಿಯೂ ಸರಿ ಇದ್ದರೆ ಮಾತ್ರ ಲೆಕ್ಕಕ್ಕೆ. ಚೆನ್ನಾಗಿ ಕಲಸಿದಾಗ ಹಾಗೆ ಸರಿಯಿರುವವು ಸರಾಸರಿ ಒಂದಕ್ಕಿಂತ ತುಸು ಕಡಿಮೆ. ಜಾಗ ಎಷ್ಟು ತಪ್ಪಿದೆ, ಭಂಗಿ ಎಷ್ಟು ತಪ್ಪಿದೆ ಎಂದು ಬೇರೆ ಬೇರೆ ಬರೆದುಕೊಂಡರೆ ಸೂಪರ್‌ಫ್ಲಿಪ್ ಮತ್ತು ಚೆಸ್ ಮಣೆ ಕೊನೆಗೂ ಬೇರೆಯಾಗಿ ಕಾಣುತ್ತವೆ: ಒಂದರಲ್ಲಿ ಎಲ್ಲ ತುಂಡೂ ಸ್ವಂತ ಜಾಗದಲ್ಲಿವೆ, ಇನ್ನೊಂದರಲ್ಲಿ ಹನ್ನೆರಡು ಅಂಚುಗಳೂ ಪರಊರಿನಲ್ಲಿವೆ. ಆದರೆ ಯಾವುದು ದೂರ ಅಂತ ಕೇಳಿದರೆ ಇದು ಮತ್ತೆ ತಪ್ಪು ಉತ್ತರವನ್ನೇ ಕೊಡುತ್ತದೆ.

ನಿಮ್ಮ ಕೈಯೇ ಅಳತೆಗೋಲು

ಪದರ ಪದರವಾಗಿ ಕೂಡಿಸುವ ಆರಂಭದ ವಿಧಾನದಲ್ಲಿ ಒಂದು ಕ್ಯೂಬಿಗೆ ನೂರಕ್ಕೂ ಹೆಚ್ಚು ತಿರುವು ಹೋಗುತ್ತದೆ. ಸ್ಪೀಡ್ ಕ್ಯೂಬರ್‌ಗಳಲ್ಲಿ ಹೆಚ್ಚಿನವರು ಬಳಸುವ ಸಿಎಫ್ಒಪಿ ವಿಧಾನದಲ್ಲಿ (ಮೊದಲು ಒಂದು ಮುಖದಲ್ಲಿ ಶಿಲುಬೆ, ಆಮೇಲೆ ಮೊದಲೆರಡು ಪದರ, ಕೊನೆಗೆ ಉಳಿದ ಪದರ) ಸುಮಾರು 55ರಿಂದ 60. ಕಂಪ್ಯೂಟರ್ 18ರಲ್ಲಿ ಮುಗಿಸುವುದನ್ನು ನಾವು 60ರಲ್ಲಿ ಮಾಡುತ್ತೇವೆ ಎಂದರೆ, ನಮ್ಮ ಕಷ್ಟಕ್ಕೂ ನಿಜವಾದ ದೂರಕ್ಕೂ ಅಷ್ಟೇನೂ ನಂಟಿಲ್ಲ ಎಂದಾಯಿತು. 17 ತಿರುವಿನ ಕ್ಯೂಬ್ ನಿಮ್ಮನ್ನು ಒದ್ದಾಡಿಸಬಹುದು. 18ರದ್ದು ಬೆಣ್ಣೆಯಂತೆ ಹೋಗಬಹುದು. ಸಿಎಫ್ಒಪಿಯ ಕೊನೇ ಹಂತ ತಾನೇ ತಾನಾಗಿ ಕೂಡಿ ಬಂದಿರುವ ಅದೃಷ್ಟ 72ರಲ್ಲಿ ಒಂದು ಸಲ ಒಲಿಯುತ್ತದೆ. ಅವತ್ತು ಟೈಮ್ ಚೆನ್ನಾಗಿ ಬಂದರೆ ಅದು ಕಡಿಮೆ ಕಲಸಿದ್ದರಿಂದ ಅಲ್ಲ.

ಆದ್ದರಿಂದ "ಈ ಸ್ಕ್ರ್ಯಾಂಬಲ್ ನನಗೆ ಸುಲಭವಿತ್ತಾ?" ಅನ್ನುವುದೇ ನಿಮ್ಮ ಪ್ರಶ್ನೆಯಾದರೆ ನಿಮ್ಮ ವಿಧಾನದಲ್ಲೇ ಎಣಿಸಿ. ಮೊದಲ ಶಿಲುಬೆಗೆ ಎಷ್ಟು ತಿರುವು ಬೇಕಿತ್ತು, ಮೊದಲೆರಡು ಪದರದ ಎಷ್ಟು ಜೋಡಿ ತಾವಾಗಿ ಕೂಡಿದ್ದವು, ಕೊನೇ ಪದರದಲ್ಲಿ ಯಾವ ಹಂತ ಮಾಡುವ ಅಗತ್ಯವೇ ಬರಲಿಲ್ಲ. ಇದಕ್ಕೆ ತಾಳ್ಮೆ ಬೇಕು. ಬ್ಲೂಟೂತ್ ಇರುವ ಸ್ಮಾರ್ಟ್ ಕ್ಯೂಬ್ ಇದ್ದರೆ ಪ್ರತಿ ತಿರುವನ್ನೂ ಅದೇ ಬರೆದಿಟ್ಟು ಹಂತಹಂತವಾಗಿ ತೋರಿಸುತ್ತದೆ. ಈ ಒಂದೇ ಕಾರಣಕ್ಕೆ ಅಷ್ಟು ದುಡ್ಡು ಹಾಕಬೇಕಾ? ದಿನಾ ಅಭ್ಯಾಸ ಮಾಡುವವರಿಗೆ ಸರಿ. ಭಾನುವಾರದ ಆಟಗಾರರಿಗೆ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ಎಣಿಸಿದರೆ ಸಾಕು.

ನಿಜವಾದ ದೂರ

ಈಗ ಅಸಲಿ ಅಳತೆ: ಅತಿ ಕಡಿಮೆ ಎಂದರೆ ಎಷ್ಟು ತಿರುವಿನಲ್ಲಿ ಕೂಡುತ್ತದೆ? ಸುಳ್ಳು ಹೇಳದ ಅಳತೆ ಇದೊಂದೇ. ಆದರೆ ಮೊದಲು "ಒಂದು ತಿರುವು" ಎಂದರೇನು ಎಂದು ತೀರ್ಮಾನವಾಗಬೇಕು. ಅರ್ಧ ಸುತ್ತನ್ನೂ ಒಂದೇ ತಿರುವು ಎಂದು ಎಣಿಸಿದರೆ ಚೆಸ್ ಮಣೆ 6. ಕಾಲು ಸುತ್ತನ್ನು ಮಾತ್ರ ಒಂದು ಎಂದರೆ ಅದೇ 12. ನಡುಪದರ ತಿರುಗಿಸುವುದನ್ನೂ ಒಂದು ಎಂದು ಒಪ್ಪಿದರೆ 3. ಅಂಕಿ ಹೇಳುವವರು ಯಾವ ಲೆಕ್ಕದಲ್ಲಿ ಎಂದು ಹೇಳದಿದ್ದರೆ ಜಗಳ ಗ್ಯಾರಂಟಿ. ನಾನಿಲ್ಲಿ ಅರ್ಧ ಸುತ್ತನ್ನೂ ಒಂದು ಎಂದೇ ಎಣಿಸುತ್ತಿದ್ದೇನೆ.

ಈ ಲೆಕ್ಕದಲ್ಲಿ ಯಾವ ಕ್ಯೂಬಾದರೂ 20 ತಿರುವಿನೊಳಗೆ ಕೂಡುತ್ತದೆ. 2010ರಲ್ಲಿ ಟೋಮಸ್ ರೊಕಿಕಿ, ಹರ್ಬರ್ಟ್ ಕೊಸಿಯಂಬಾ, ಮಾರ್ಲಿ ಡೇವಿಡ್ಸನ್, ಜಾನ್ ಡೆತ್ರಿಜ್ ಇದನ್ನು ಸಾಧಿಸಿದರು. ಒಂದೇ ಕಂಪ್ಯೂಟರ್ ಆಗಿದ್ದರೆ ಸುಮಾರು 35 ವರ್ಷ ಓಡಬೇಕಾಗುತ್ತಿದ್ದ ಕೆಲಸ ಅದು. ಗೂಗಲ್ ತನ್ನ ಯಂತ್ರಗಳನ್ನು ಕೊಟ್ಟಿತು. ಕಾಲು ಸುತ್ತಿನ ಲೆಕ್ಕದಲ್ಲಿ ಈ ಗರಿಷ್ಠ 26 ಎಂದು 2014ರಲ್ಲಿ ರೊಕಿಕಿ ಮತ್ತು ಡೇವಿಡ್ಸನ್ ತೋರಿಸಿದರು.

ಆದರೆ ಈ ಅಳತೆಗೂ ಒಂದು ದೊಡ್ಡ ಕೊರತೆ ಇದೆ. ಕ್ಯೂಬಿಗೆ ಒಟ್ಟು ಸ್ಥಿತಿಗಳು 43ರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟು. ಅದರಿಂದ ಕಣ್ಣುಮುಚ್ಚಿ ನೂರನ್ನು ಎತ್ತಿಕೊಂಡರೆ ಸುಮಾರು 67ಕ್ಕೆ 18 ತಿರುವು ಬೇಕು. ಸುಮಾರು 27ಕ್ಕೆ 17. ಮೂರೋ ನಾಲ್ಕೋ 19ರವು, ಎರಡೋ ಮೂರೋ 16ರವು. ಮುಗಿಯಿತು. 20 ಬೇಕಾದವು ಒಟ್ಟು ಸುಮಾರು 49 ಕೋಟಿ ಎಂದು ಅಂದಾಜು. ಕೇಳಲು ಜಾಸ್ತಿ ಅನಿಸುತ್ತದೆ, ಆದರೆ ಹೆಚ್ಚುಕಡಿಮೆ 8,800 ಕೋಟಿ ಕ್ಯೂಬಿಗೆ ಒಂದು. ಅಂದರೆ ಚೆನ್ನಾಗಿ ಕಲಸಿದ ಯಾವ ಎರಡು ಕ್ಯೂಬ್ ತಂದರೂ ಈ ಅಳತೆ "17 ಇಲ್ಲವೇ 18" ಎಂದು ಹೇಳಿ ಸುಮ್ಮನಾಗುತ್ತದೆ. ಮೂರನೇ ಪ್ರಶ್ನೆಯಲ್ಲಿ ಫೇಲ್. ಅರ್ಧಂಬರ್ಧ ಕಲಸಿದ ಕ್ಯೂಬನ್ನು ಹಿಡಿಯಲು ಇದು ಬಲು ಚೆಂದ. ಪೂರ್ತಿ ಕಲಸಿದವುಗಳ ನಡುವೆ ಹೋಲಿಸಲು ಕೆಲಸಕ್ಕೆ ಬಾರದು.

ಖರ್ಚೂ ಇದೆ. ಯಾವುದೇ ಕ್ಯೂಬಿಗೆ ಅತಿ ಕಡಿಮೆ ತಿರುವು ಹುಡುಕುವ ಪ್ರೋಗ್ರಾಂ ಅನ್ನು 1997ರಲ್ಲಿ ರಿಚರ್ಡ್ ಕಾರ್ಫ್ ಬರೆದಾಗ ಒಂದೊಂದು ಕಷ್ಟದ ಕ್ಯೂಬಿಗೂ ದಿನಗಟ್ಟಲೆ ಕಾಯಬೇಕಿತ್ತು. ಈಗ ಮೆಮೊರಿ ಅಗ್ಗ, ಕಾಯುವುದು ಬಹಳ ಕಡಿಮೆ. ಆದರೂ ಫೋನಿನಲ್ಲಿ ಚಿಟಿಕೆ ಹೊಡೆದ ಹಾಗೆ ಬರುವ ಉತ್ತರ ಸಾಮಾನ್ಯವಾಗಿ ಇದಲ್ಲ. ಅದು ಮುಂದೆ ಹೇಳುವ ಅಂದಾಜು.

ಕಂಪ್ಯೂಟರಿನ ಅಂದಾಜುಗಳು

ಕೊಸಿಯಂಬಾ ಅವರ ಎರಡು ಹಂತದ ವಿಧಾನ 1992ರದ್ದು. ಮೊದಲು ಕ್ಯೂಬನ್ನು ಒಂದು ಚಿಕ್ಕ ಗುಂಪಿನ ಸ್ಥಿತಿಗೆ ತರುವುದು, ಅಲ್ಲಿಂದ ಕೂಡಿಸುವುದು. ಕ್ಷಣದಲ್ಲಿ 20ರ ಆಸುಪಾಸಿನ ಉತ್ತರ ಬರುತ್ತದೆ. ಅವರ ಕ್ಯೂಬ್ ಎಕ್ಸ್‌ಪ್ಲೋರರ್ ಪ್ರೋಗ್ರಾಂ ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ. ಇಲ್ಲಿ ಬರುವ ಅಂಕಿ ನಿಜವಾದ ದೂರಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಲಾರದು. "21 ಬಂತು, ಹಾಗಾದ್ರೆ ಇದು ದಾಖಲೆ" ಎಂದು ಹಿಗ್ಗಬೇಡಿ. 20ಕ್ಕಿಂತ ದೂರ ಯಾವುದೂ ಇಲ್ಲ ಎಂದು ಈಗಷ್ಟೇ ಓದಿದಿರಿ.

ಕೆಳಗಿನಿಂದ ಹಿಡಿಯುವ ಅಂದಾಜು ಕಾರ್ಫ್ ಅವರದು. ಅಂಚುಗಳನ್ನು ಮರೆತು ಬರೀ ಎಂಟು ಮೂಲೆ ಕೂಡಿಸಲು ಎಷ್ಟು ತಿರುವು ಎಂದು ಕೋಷ್ಟಕ ಮಾಡಿಡುವುದು. 8,81,79,840 ಸಾಲು, ಸಾಲಿಗೆ ಅರ್ಧ ಬೈಟ್ ಎಂದರೆ ಸುಮಾರು 44 ಎಂಬಿ. ಇದು ಯಾವತ್ತೂ ನಿಜವಾದ ದೂರವನ್ನು ದಾಟುವುದಿಲ್ಲ, ಆದರೆ ಅದರ ಗರಿಷ್ಠ ಬರೀ 11. ಸೂಪರ್‌ಫ್ಲಿಪ್ ಕೊಟ್ಟರೆ ಸೊನ್ನೆ ಅನ್ನುತ್ತದೆ, ಯಾಕೆಂದರೆ ಮೂಲೆಗಳೆಲ್ಲ ಸರಿಯಾಗಿಯೇ ಇವೆ! ಅದಕ್ಕೇ ಅಂಚುಗಳ ಕೋಷ್ಟಕವನ್ನೂ ಜೊತೆಗಿಟ್ಟು ದೊಡ್ಡ ಅಂಕಿಯನ್ನು ತೆಗೆದುಕೊಳ್ಳಬೇಕು. ನ್ಯೂರಲ್ ನೆಟ್‌ವರ್ಕ್‌ಗೆ ಈ ದೂರ ಊಹಿಸಲು ಕಲಿಸಿದವರೂ ಇದ್ದಾರೆ. 2019ರ ಡೀಪ್‌ಕ್ಯೂಬ್‌ಎ ಎಂಬ ಅಂಥ ಪ್ರೋಗ್ರಾಂ ತನಗೆ ಕೊಟ್ಟ ಕ್ಯೂಬನ್ನೆಲ್ಲ ಬಿಡಿಸಿತು, ಸುಮಾರು 60% ಸಲ ಅತಿ ಚಿಕ್ಕ ದಾರಿಯಲ್ಲೇ. ಕಲಿಯಲು ಒಳ್ಳೆ ವಿಷಯ, ಅಳತೆಗೆ ಮಾತ್ರ ಕೋಷ್ಟಕವೇ ಮೇಲು.

ಅಳೆಯದೇ ಬಿಡುವುದು

ಇಸ್ಪೀಟ್ ಆಟದಲ್ಲಿ ಕೆಟ್ಟ ಎಲೆ ಬಂದವನು ಮಾತ್ರ ಕೈಯಲ್ಲಿರುವ ಎಲೆ ನೋಡಿ "ಸರಿಯಾಗಿ ಕಲಸಿಲ್ಲ" ಅನ್ನುತ್ತಾನೆ. ಉಳಿದವರು ನೋಡುವುದು ಕಲಸುವವನ ಕೈಯನ್ನು. ಸ್ಪರ್ಧೆಗಳಲ್ಲಿ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ಮಾಡುವುದೂ ಇದನ್ನೇ. ಬೆಂಗಳೂರಿನ ಸ್ಪರ್ಧೆಗೆ ಹೋದರೂ ಬುಡಾಪೆಸ್ಟಿನದಕ್ಕೆ ಹೋದರೂ ನಿಯಮ ಒಂದೇ: ಅವರ ಟಿನೂಡಲ್ ಪ್ರೋಗ್ರಾಂ ಎಲ್ಲ ಸ್ಥಿತಿಗಳಿಂದ ಒಂದನ್ನು ಸಮಾನ ಅವಕಾಶದಲ್ಲಿ ಎತ್ತುತ್ತದೆ, ಅಲ್ಲಿಗೆ ತಲುಪುವ ತಿರುವುಗಳನ್ನು ಚೀಟಿಯಲ್ಲಿ ಕೊಡುತ್ತದೆ. ಕಲಸುವವರು ಚೀಟಿ ನೋಡಿ ತಿರುಗಿಸುತ್ತಾರೆ. ಎಷ್ಟು ಕಷ್ಟ ಎಂದು ಯಾರೂ ಅಂಕ ಕೊಡುವುದಿಲ್ಲ. ಸುಮ್ಮನೆ ತೀರಾ ಹತ್ತಿರದವನ್ನು ಬಿಡುತ್ತಾರೆ: ಈ ಮಾಮೂಲಿ 3×3 ಕ್ಯೂಬಿಗೆ ಕನಿಷ್ಠ 2 ತಿರುವು, ಸಾಲಿಗೆ ಎರಡೇ ತುಂಡಿರುವ 2×2ಕ್ಕೆ ಕನಿಷ್ಠ 4. ಅದೃಷ್ಟದ ಏರುಪೇರಿಗೆ ಮದ್ದು ಬೇರೆ ಕಡೆ ಇದೆ. ಒಂದು ಗುಂಪಿನವರಿಗೆಲ್ಲ ಅದೇ ಚೀಟಿಗಳು. ಐದು ಸಲ ಆಡಿಸಿ ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ.

ಚೀಟಿಯ ಉದ್ದ ನೋಡಿ ಮೋಸ ಹೋಗಬೇಡಿ. 19 ತಿರುವಿನ ಚೀಟಿಗಿಂತ 21ರದ್ದು ಕಷ್ಟ ಎಂದೇನಿಲ್ಲ. ಅದು ದಾರಿ ಹುಡುಕಿದ ಪ್ರೋಗ್ರಾಂ ಎಲ್ಲಿ ನಿಲ್ಲಿಸಿತು ಎನ್ನುವುದಷ್ಟೇ. 5×5ರಿಂದ ಮೇಲಿನ ದೊಡ್ಡ ಕ್ಯೂಬ್‌ಗಳಿಗೆ ಮಾತ್ರ ಇನ್ನೂ ಹಳೇ ದಾರಿ, ಬೇಕಾದಷ್ಟು ತಿರುವು ಹಾಕುವುದು: 5×5ಕ್ಕೆ 60, 7×7ಕ್ಕೆ 100.

ಹಾಗಾದರೆ ನಿಮಗೆ ಯಾವುದು?

ಮಗುವಿಗೆ ಕಲಸಿ ಕೊಡುವ ಅಪ್ಪ ಅಮ್ಮಂದಿರಿಗೆ ಕಣ್ಣಳತೆ ಸಾಕು, ಜೊತೆಗೆ ಒಂದು ನಿಯಮ: ಆರೂ ಮುಖ ಬಳಸಿ, ಬಣ್ಣ ನೋಡದೆ, 25 ತಿರುವು. ಆಮೇಲೆ ಒಂದೇ ಬಣ್ಣದ ಜೋಡಿ ಇಪ್ಪತ್ತಕ್ಕಿಂತ ಜಾಸ್ತಿ ಕಂಡರೆ ಇನ್ನಷ್ಟು ತಿರುಗಿಸಿ. ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಪೂರ್ತಿ ಕಲಸಿದ್ದು ಬೇಕಾಗಿಯೂ ಇಲ್ಲ. ಮೂರು ತಿರುವು ಹಾಕಿ ಕೊಟ್ಟು "ಹಿಂದಕ್ಕೆ ಬಾ" ಎಂದರೆ ಅದೇ ಒಳ್ಳೆ ಆಟ. ಅಲ್ಲಿ ನೀವು ಹಾಕಿದ ತಿರುವಿನ ಲೆಕ್ಕವೇ ಸರಿಯಾದ ಅಳತೆ, ನಾನು ಮೇಲೆ ಅದನ್ನು ಎಷ್ಟೇ ಬೈದಿದ್ದರೂ.

ಟೈಮರ್ ಇಟ್ಟುಕೊಂಡವರು ಅಳೆಯುವ ಚಟ ಬಿಡಿ. ಸಿಎಸ್ ಟೈಮರ್‌ನಂಥ ಉಚಿತ ತಾಣದಲ್ಲಿ ಸ್ಪರ್ಧೆಯ ಥರದ ಚೀಟಿಗಳೇ ಸಿಗುತ್ತವೆ. ಬಿಳಿ ಮೇಲೆ, ಹಸಿರು ಮುಂದೆ ಹಿಡಿದು ಚೀಟಿಯಂತೆ ತಿರುಗಿಸಿ. ಒಂದು ಟೈಮ್ ಬಗ್ಗೆ ಅನುಮಾನ ಬಂದರೆ ಹಂತಹಂತವಾಗಿ ನೋಡಿ, ಇಲ್ಲದಿದ್ದರೆ ಐದರ ಸರಾಸರಿಯನ್ನು ನಂಬಿ.

ಪ್ರೋಗ್ರಾಂ ಬರೆಯುವವರಿಗೆ ನನ್ನ ಸಲಹೆ ಸ್ವಲ್ಪ ಬೇರೆ: 3×3 ಆಮೇಲೆ, ಮೊದಲು 2×2. ಅದಕ್ಕೆ ಇರುವುದೇ 36,74,160 ಸ್ಥಿತಿ. ಸ್ಥಿತಿಗೆ ಒಂದು ಬೈಟ್ ಇಟ್ಟರೂ 4 ಎಂಬಿ ಒಳಗೆ ಎಲ್ಲದರ ನಿಜವಾದ ದೂರ ಫೋನಿನಲ್ಲೇ ಕೂರುತ್ತದೆ. ಅಲ್ಲಿ ಗರಿಷ್ಠ 11 ತಿರುವು, ಅಷ್ಟು ದೂರದವು 2,644. ಅರ್ಧಕ್ಕೂ ಹೆಚ್ಚು ಸ್ಥಿತಿಗಳು 9ರಲ್ಲಿವೆ. ನಾಲ್ಕಕ್ಕಿಂತ ಹತ್ತಿರದವು 385, ಸ್ಪರ್ಧೆಯವರು ಎತ್ತಿ ಪಕ್ಕಕ್ಕಿಡುವುದು ಅವನ್ನೇ. ಕೋಷ್ಟಕ ತುಂಬಿದ ಮೇಲೆ ತಪ್ಪಿದ ಸ್ಟಿಕ್ಕರ್ ಲೆಕ್ಕವನ್ನೂ ಪಕ್ಕದಲ್ಲಿ ಬರೆಸಿ. ಎರಡು ಅಂಕಿಗಳು ಎಲ್ಲೆಲ್ಲಿ ಜಗಳ ಆಡುತ್ತವೆ ಎಂದು ನಿಮ್ಮ ಕಣ್ಣಿಂದಲೇ ನೋಡಬಹುದು. ಅಷ್ಟು ಮಾಡಲು ಒಂದು ರಜಾದಿನ ಸಾಕು.